ಎಲ್ಲಿಂದ ಎಲ್ಲಿಗೆ? ಕ್ಯಾರವಾನ್ ಟ್ರೈಲರಿನ ಉದ್ದ ಅಳೆದ ನನ್ನ ಅನುಭವ

ಕಾರಿನ ಹಿಂದೆ ಎಳೆಯುವ ಕ್ಯಾರವಾನ್ ಟ್ರೈಲರ್ ಕಟ್ಟುವ ಕೆಲಸದಲ್ಲಿ ನನಗೆ ಹಣದ ತಕರಾರು ಬಂದದ್ದು ಹೆಚ್ಚುಕಮ್ಮಿ ಎಲ್ಲವೂ ಉದ್ದದ ಲೆಕ್ಕದಿಂದಲೇ. ವೆಲ್ಡಿಂಗ್ ಬಿಟ್ಟರೆ ಮತ್ತೆ ಹೊಡೆಯಬಹುದು, ಬಣ್ಣ ಹೋದರೆ ಮತ್ತೆ ಬಳಿಯಬಹುದು. ಗಿರಾಕಿಯ ಶೆಡ್ಡಿಗಿಂತ ಅರ್ಧ ಅಡಿ ಉದ್ದವಾದ ಟ್ರೈಲರನ್ನು ಏನು ಮಾಡುವುದು? ಅದಕ್ಕೇ ನಾನೊಂದು ಕ್ರಮ ಹಿಡಿದೆ. ಟ್ರೈಲರಿಗೆ ಒಂದೇ ಉದ್ದ ಬರೆಯುವುದಿಲ್ಲ, ಐದು ಬರೆಯುತ್ತೇನೆ. ಒಂದೊಂದರ ಎದುರೂ ಎಲ್ಲಿಂದ ಎಲ್ಲಿಗೆ ಅಂತ ನಮೂದಿಸುತ್ತೇನೆ. ಬೈಕಂಪಾಡಿಯಲ್ಲಿ ಲಾರಿ ಬಾಡಿ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ನೋಡಿ, "ಎಂತ ಮಾರಾಯ್ರೇ, ಒಂದು ಟೇಪು ಹಿಡಿಯಲಿಕ್ಕೆ ಇಷ್ಟೆಲ್ಲ ಉಂಟಾ?" ಅಂತ ನಕ್ಕಿದ್ದರು. ಈಗ ಕಟಪಾಡಿಯ ಶೆಡ್ಡಿನ ಕೆಲಸ (ಅದನ್ನು ಕೊನೆಗೆ ಹೇಳುತ್ತೇನೆ) ಮುಗಿದ ಮೇಲೆ ಯಾರೂ ನಗುತ್ತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಮಣಿಪಾಲದ ಕತೆ. ಗಲ್ಫಿನಿಂದ ಊರಿಗೆ ಮರಳಿದ ಗಿರಾಕಿಯೊಬ್ಬರು ಅಮೆರಿಕದ ಕಂಪನಿಯೊಂದರ ಕ್ಯಾಟಲಾಗ್ ತಂದು, ಹೆಸರಿನಲ್ಲಿ 22 ಇರುವ ಮಾಡೆಲನ್ನು ತೋರಿಸಿ, ಇದೇ ಅಳತೆಯಲ್ಲಿ ಬೇಕು ಅಂದರು. ಅವರ ಶೆಡ್ಡು ಆಗಲೇ ತಯಾರಿತ್ತು, 23 ಅಡಿ. ಅಲ್ಲಿಯ ಬಹಳಷ್ಟು ತಯಾರಕರು ಮಾಡೆಲ್ ಹೆಸರಿನಲ್ಲಿ ಇಡುವ ಸಂಖ್ಯೆ ಒಳಗೆ ವಾಸಿಸುವ ಭಾಗದ್ದು. ಬಾಡಿಯ ಮುಂದೆ ತ್ರಿಕೋನವಾಗಿ ಚಾಚುವ ಎ-ಫ್ರೇಮ್, ಅದರ ಮೂತಿಯಲ್ಲಿ ಕಾರಿಗೆ ಸಿಕ್ಕಿಸುವ ಕೊಂಡಿಯಾದ ಕಪ್ಲರ್, ಹಿಂದಿನ ಬಂಪರ್ ಸೇರಿದರೆ ಮೂರು ನಾಲ್ಕು ಅಡಿ ಮೇಲೆಯೇ ಹೋಗುತ್ತದೆ. ನಾನು ಇದನ್ನು ಹೇಳಿದೆ, ಆದರೆ ಅವರ ಭಾವ, "ಕಂಪನಿಯವರು ಸುಳ್ಳು ಬರೆಯುತ್ತಾರಾ?" ಅಂತ ಬಾಯಿ ಮುಚ್ಚಿಸಿದರು. ಟ್ರೈಲರ್ ತಲುಪಿದ ದಿನ ಮೂತಿ ಗೇಟಿನಿಂದ ಹೊರಗೆ ರಸ್ತೆಯಲ್ಲಿ ನಿಂತಿತು. ಮುರಕಲ್ಲಿನ ಪಾಗಾರ ಒಡೆದು, ಶೀಟು ಮುಂದಕ್ಕೆ ಇಳಿಸಿ, ಗೇಟು ಸರಿಸಲು ಅವರಿಗೆ ನಲವತ್ತು ನಲವತ್ತೈದು ಸಾವಿರ ಹೋಯಿತು. ಅದರಲ್ಲಿ ಇಪ್ಪತ್ತೈದು ಸಾವಿರವನ್ನು ನನ್ನ ಕೊನೆಯ ಕಂತಿನಲ್ಲಿ ಹಿಡಿದುಕೊಂಡರು. ಇವತ್ತಿಗೂ ಬಂದಿಲ್ಲ.

ಒಂದೊಂದು ದೇಶದಲ್ಲಿ ಒಂದೊಂದು ರೂಢಿ. ಅದೇ ಅಮೆರಿಕದ ಏರ್‌ಸ್ಟ್ರೀಮ್ ಕಂಪನಿ ತನ್ನ ಮಾಡೆಲಿಗೆ ಕೊಂಡಿ ಸೇರಿದ ಒಟ್ಟು ಉದ್ದಕ್ಕೆ ಹತ್ತಿರದ ಸಂಖ್ಯೆ ಇಡುತ್ತದೆ. ಆಸ್ಟ್ರೇಲಿಯಾದಲ್ಲಿ ಇಪ್ಪತ್ತು ಅಡಿಯ ವ್ಯಾನು ಅಂದರೆ ಸಾಮಾನ್ಯವಾಗಿ ಒಳಗಿನ ಅಳತೆ. ಬ್ರಿಟನ್ನಿನಲ್ಲಿ ಮೂರೂವರೆ ಟನ್ನಿನೊಳಗಿನ ಗಾಡಿ ಎಳೆಯುವ ಟ್ರೈಲರಿಗೆ 7 ಮೀಟರ್ ಮಿತಿ ಇದ್ದರೂ ಅದರಲ್ಲಿ ಎ-ಫ್ರೇಮ್ ಸೇರುವುದಿಲ್ಲ. ಇಂಟರ್ನೆಟ್ಟಿನ ನಕ್ಷೆ ಹಿಡಿದು ಬರುವ ಗಿರಾಕಿಗೆ ಮೊದಲು ಇಷ್ಟನ್ನು ಹೇಳಿ ಕೂರಿಸಬೇಕು.

ನಮ್ಮಲ್ಲಿಯೂ ಹಾಗೆಯೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದ ವಿವರಣೆ ಓದಿ. ಗಾಡಿಯ ಎರಡು ತುದಿಗಳ ನಡುವಿನ ಅಳತೆಯೇ ಉದ್ದ ಅನ್ನುತ್ತದೆ. ಆದರೆ ಕೈಯಲ್ಲಿ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್, 30 ಸೆಂಟಿಮೀಟರ್ ಮೀರದ ಅಂಚೆ ಪೆಟ್ಟಿಗೆ, ಮಾಡಿಗೆ ಸಾಮಾನು ಹತ್ತಿಸುವ ಏಣಿ, ಹಿಂದಿನ ದೀಪ, ನಂಬರ್ ಪ್ಲೇಟು, ಸ್ಟೆಪ್ನಿ, ಬಂಪರ್ ಇವನ್ನೆಲ್ಲ ಲೆಕ್ಕದಿಂದ ಬಿಡುತ್ತದೆ. ಬಸ್ಸಿನಲ್ಲಿ ಟಪಾಲು ಹೋಗುತ್ತಿದ್ದ ಕಾಲದ ನೆನಪು ಆ ಸಾಲಿನಲ್ಲಿ ಹಾಗೇ ಉಳಿದಿದೆ, ನನಗೆ ಅದು ಬಹಳ ಇಷ್ಟ. ಕಾಗದಕ್ಕೆ ಇದು ಸರಿ. ಆದರೆ ಸ್ಟೆಪ್ನಿಯ ಹತ್ತು ಇಂಚನ್ನು ಶೆಡ್ಡಿನ ಹಿಂಗೋಡೆ ಬಿಡುವುದಿಲ್ಲವಲ್ಲ! ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಟ್ರೈಲರ್ ಮಾಡಿನಡಿ ಇರಲೇಬೇಕು. ಉಪ್ಪು ಗಾಳಿಗೆ ಒಂದು ಮಳೆಗಾಲ ಹೊರಗೆ ನಿಲ್ಲಿಸಿದರೆ ಛಾಸಿಯ ಜಾಯಿಂಟುಗಳು ಕೆಂಪಗಾಗುತ್ತವೆ. ಆದ್ದರಿಂದ ಇಲ್ಲಿಯ ಗಿರಾಕಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಶೆಡ್ಡಿನ ಉದ್ದ.

ದರದ ವಿಷಯ ಬಂದರೆ ಇನ್ನೂ ಎಚ್ಚರ ಬೇಕು. ನಾನು ಬಾಡಿಯ ಹೊರ ಅಳತೆಗೆ ಅಡಿಗೆ ಸುಮಾರು ನಲವತ್ತು ಸಾವಿರ ಹೇಳುತ್ತೇನೆ. ಹನ್ನೆರಡೂವರೆ ಅಡಿಯ ಬಾಡಿಗೆ ಐದು ಲಕ್ಷ. ಇನ್ನೊಂದು ಕಡೆ ಮೂವತ್ತೆರಡು ಸಾವಿರಕ್ಕೇ ಮಾಡಿಕೊಡುತ್ತಾರೆ ಅಂತ ಗಿರಾಕಿಗಳು ಬಂದು ಹೇಳುತ್ತಾರೆ. ಅಲ್ಲಿಯವರು ಕಪ್ಲರ್ ಮೂತಿಯಿಂದ ಅಡಿ ಎಣಿಸುತ್ತಾರೆ: ಅದೇ ಟ್ರೈಲರ್ ಹದಿನಾರು ಅಡಿಗೂ ಮೇಲೆ, ಐದೂಕಾಲು ಲಕ್ಷದ ಹತ್ತಿರ. ಬರಿಯ ಎರಡು ಸಿ-ಚಾನಲ್ ಕಬ್ಬಿಣ ಇರುವ ಎ-ಫ್ರೇಮಿಗೂ ಮಂಚ, ಅಡುಗೆ ಕಟ್ಟೆ ಇರುವ ಬಾಡಿಗೂ ಒಂದೇ ದರ. ಕೊಟೇಶನ್ ಕೈಗೆ ಬಂದರೆ ಮೊದಲು ಅಡಿ ಎಲ್ಲಿಂದ ಶುರು ಅಂತ ಕೇಳಿ.

ಇನ್ನು ನನ್ನ ಕ್ರಮ. ಟ್ರೈಲರಿಗೆ ನೇರವಾಗಿ ಟೇಪು ಹಿಡಿಯುವುದಿಲ್ಲ. ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಕಾರಿಗೆ ಸಿಕ್ಕಿಸಿದಾಗ ಕಪ್ಲರ್ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರಕ್ಕೆ ಜಾಕಿ ಕೊಟ್ಟು, ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕುತ್ತೇನೆ. ಕಪ್ಲರ್ ಮೂತಿ, ಕಾರಿನ ಕೊಂಡಿಯ ಬಾಲ್ (ಉಂಡೆ) ಕೂರುವ ನಡು, ಬಾಡಿಯ ಮುಂದಿನ ಗೋಡೆ, ಆಕ್ಸಲ್ ನಡು, ಹಿಂದಿನ ಗೋಡೆ, ಆಮೇಲೆ ಹಿಂದೆ ಅತಿ ಹೆಚ್ಚು ಚಾಚಿದ್ದು ಯಾವುದೋ ಅದು. ಎಲ್ಲ ಗುರುತು ಒಂದೇ ದಾರದ ಗೆರೆಯ ಮೇಲೆ ಬೀಳಬೇಕು. ಅಳೆಯುವುದು ನೆಲವನ್ನು. ಒಳನೆಲದ ಉದ್ದ ಮಾತ್ರ ಬಾಗಿಲಿನೊಳಗೆ ಹೋಗಿ ಬೇರೆಯೇ ತೆಗೆದುಕೊಳ್ಳಬೇಕು. ಮುಂದಿನ ಗೋಡೆ ಬಾಗಿದ್ದರೆ ಎದೆ ಎತ್ತರದಲ್ಲಿ ಸಿಗುವ ಉದ್ದ ಒಳನೆಲದಲ್ಲಿ ಸಿಗುವುದಿಲ್ಲ, ಒಂದಡಿ ಕಮ್ಮಿಯಾದದ್ದೂ ಇದೆ. ಎದೆ ಎತ್ತರದ ಅಳತೆಗೆ ಹಾಸಿಗೆ ಹೊಲಿಸಿದ ಗಿರಾಕಿಯೊಬ್ಬರಿಗೆ ಒಂಬತ್ತು ಸಾವಿರದ ತೆಂಗಿನ ನಾರಿನ ಹಾಸಿಗೆ ಕತ್ತರಿಸಬೇಕಾಯಿತು. ಹೀಗೆ ಸಿಗುವ ಐದು ಉದ್ದ: ಮೂತಿಯಿಂದ ಹಿಂದಿನ ತುದಿಗೆ ಒಟ್ಟು, ಬಾಡಿಯ ಹೊರ ಅಳತೆ, ಒಳನೆಲ, ಬಾಲ್‌ನಿಂದ ಆಕ್ಸಲಿಗೆ, ಬಾಲ್‌ನಿಂದ ಹಿಂದಿನ ತುದಿಗೆ.

ಲೇಸರ್ ಅಳತೆಯ ಯಂತ್ರವನ್ನೂ ತಂದು ನೋಡಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿಗೆ ಕೆಂಪು ಚುಕ್ಕಿ ಕಾಣುವುದಿಲ್ಲ, ಬಾಗಿದ ಫೈಬರಿನ ಮೇಲೆ ಎಲ್ಲಿ ಬಿತ್ತು ಅಂತ ಗೊತ್ತಾಗುವುದಿಲ್ಲ. ನಾಲ್ಕು ಸಾವಿರದ ಅದು ಈಗ ಮಗನ ಕೈಯಲ್ಲಿದೆ, ಮನೆಯ ಕೋಣೆ ಅಳೆಯಲು ಚಲೋ. ಬಟ್ಟೆಯಂಥ ಫೈಬರ್ ಟೇಪು ಎಳೆದಷ್ಟು ಹಿಗ್ಗುತ್ತದೆ. ಕೊನೆಗೆ ಉಳಿದದ್ದು ಸ್ಟೀಲ್ ಟೇಪು ಮತ್ತು ಗುಂಡು. ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವ ಹುಡುಗರು ಗುಂಡಿನ ಬದಲು ಇನ್ನೊಂದು ಉಪಾಯ ಮಾಡುತ್ತಾರೆ. ಅದನ್ನು ನಾನೂ ಬಳಸುತ್ತೇನೆ. ಅವರ ಉಪಾಯವಾದ್ದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಕಪ್ಲರ್ ಎತ್ತರ ಯಾಕೆ ಅಷ್ಟು ಮುಖ್ಯ ಅಂದರೆ, ಮೂತಿಯನ್ನು ಹತ್ತು ಇಂಚು ಎತ್ತಿದರೆ ನೆಲದ ಮೇಲಿನ ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಬಾರದಿದ್ದರೂ ಮಾಡಿನ ಹಿಂದಿನ ಅಂಚು ಐದಾರು ಇಂಚು ಹಿಂದಕ್ಕೆ ವಾಲುತ್ತದೆ. ಏಳೂವರೆ ಅಡಿ ಎತ್ತರದ ಬಾಡಿ ಆಕ್ಸಲಿನ ಮೇಲೆ ತಿರುಗಿದರೆ ಆಗುವುದು ಹಾಗೆಯೇ. ಮಳೆಗಾಲದಲ್ಲಿ ನೀರು ಹಿಂದಕ್ಕೆ ಹರಿಯಲಿ ಅಂತ ಮೂತಿ ಎತ್ತಿ ಇಡುವವರು ಬಹಳ. ಕೆಳಗೆ ಬಂಪರಿಗೂ ಗೋಡೆಗೂ ಜಾಗ ಕಂಡರೂ ಮೇಲೆ ಏಣಿ ಗೋಡೆಯನ್ನು ಒರೆಸುತ್ತಿರುತ್ತದೆ.

ಬಾಲ್‌ನಿಂದ ಆಕ್ಸಲಿಗೆ ಇರುವ ದೂರವನ್ನು ಯಾರೂ ಕೇಳುವುದಿಲ್ಲ. ಘಾಟಿ ಹತ್ತಿಸುವವರಿಗೆ ಬೇಕಾದದ್ದು ಅದೇ. ಒಂದು ಭಾನುವಾರ ಖಾಲಿ ಅಂಗಳದಲ್ಲಿ ಟಯರಿಗೆ ಸುಣ್ಣ ಬಳಿದು, ಒಂದೇ ಕಾರಿಗೆ ಎರಡು ಟ್ರೈಲರ್ ಕಟ್ಟಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆಸಿದೆ. ಆ ದೂರ ಹನ್ನೆರಡು ಅಡಿ ಇದ್ದದ್ದು ಒಂಬತ್ತೂವರೆ ಅಡಿಯದಕ್ಕಿಂತ ಸುಮಾರು ಎರಡು ಅಡಿ ಹೆಚ್ಚು ಒಳಗೆ ಕತ್ತರಿಸಿತು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಆ ಎರಡು ಅಡಿ ಅಂದರೆ ಚರಂಡಿ. ಹಾಗಂತ ಎ-ಫ್ರೇಮ್ ಗಿಡ್ಡ ಮಾಡಿದರೆ ರಿವರ್ಸಿನಲ್ಲಿ ಬಾಡಿಯ ಮೂಲೆ ಕಾರಿನ ಬಂಪರಿಗೆ ಬಡಿಯುತ್ತದೆ. ನಾನು ಮೂರುವರೆ ಅಡಿಗಿಂತ ಕೆಳಗೆ ಇಳಿಯುವುದಿಲ್ಲ. ಮೂತಿಯ ಮೇಲೆ ಬೀಳುವ ಭಾರ ಕೆಡದಂತೆ ಆಕ್ಸಲನ್ನು ಎಲ್ಲಿ ಇಡುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಅದು ಇರಲಿ.

ಕಾರು ಮತ್ತು ಟ್ರೈಲರ್ ಸೇರಿದ ಉದ್ದಕ್ಕೆ ಎರಡನ್ನೂ ಸುಮ್ಮನೆ ಕೂಡಿಸಬೇಡಿ. ಫಾರ್ಚೂನರ್ 4795 ಮಿಲಿಮೀಟರ್; ಬಂಪರಿನಿಂದ ಬಾಲ್ ನಡುವಿಗೆ ಒಂದು ಗೇಣು; ಅಲ್ಲಿಂದ ಟ್ರೈಲರಿನ ಕೊನೆ. ಕಪ್ಲರಿನ ಮೂತಿ ಬಾಲ್ ನಡುವಿನಿಂದ ಎರಡು ಮೂರು ಇಂಚು ಮುಂದಿರುತ್ತದೆ, ಅದನ್ನು ಎಣಿಸುವಂತಿಲ್ಲ. ಹಾಗೆಯೇ, ಹೊರಗಿನಿಂದ ತರಿಸಿದ ಎರಡು ಇಂಚಿನ ಕಪ್ಲರನ್ನು ನಮ್ಮ 50 ಮಿಲಿಮೀಟರ್ ಬಾಲಿಗೆ ಹಾಕಬೇಡಿ. ಎರಡು ಇಂಚು ಅಂದರೆ 50.8. ಸ್ವಲ್ಪವೇ ಸಡಿಲ, ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಬಡಿದು ಬಡಿದು ಸವೆಯುತ್ತದೆ.

ಕಟಪಾಡಿಯ ಮನೆಯಲ್ಲಿ ಹಿಂಗೋಡೆಯಿಂದ ಶಟರಿಗೆ ಇದ್ದದ್ದು ಹದಿನೇಳೂವರೆ ಅಡಿ. ಒಂದು ಕಡೆ ಬಾವಿ, ಇನ್ನೊಂದು ಕಡೆ ನಾಗಬನ, ಇಂಚೂ ಹಿಗ್ಗಿಸುವಂತಿಲ್ಲ. ಆ ಮನೆಯ ಶೆಟ್ರು ಮೂರು ಕಡೆ ಕೇಳಿ, ಹತ್ತು ಅಡಿಗಿಂತ ದೊಡ್ಡ ಬಾಡಿ ಆಗುವುದಿಲ್ಲ ಅನ್ನಿಸಿಕೊಂಡು ಬಂದಿದ್ದರು. ನಾನು ಶೆಡ್ಡಿನ ನೆಲದ ಮೇಲೆಯೇ ಐದೂ ಅಳತೆ ಸುಣ್ಣದಲ್ಲಿ ಬರೆದು ತೋರಿಸಿದೆ. ಒಟ್ಟು ಉದ್ದದ ಲೆಕ್ಕ ಹೀಗಿತ್ತು: ಎ-ಫ್ರೇಮ್ ಮೂರು ಅಡಿ ಹತ್ತು ಇಂಚು, ಬಾಡಿ ಹನ್ನೆರಡೂವರೆ, ಸ್ಟೆಪ್ನಿ ಹತ್ತು ಇಂಚು, ಒಟ್ಟು ಹದಿನೇಳು ಅಡಿ ಎರಡು ಇಂಚು. ಏಣಿಯನ್ನು ಹಿಂದಿನಿಂದ ತೆಗೆದು ಪಕ್ಕಕ್ಕೆ ಹಾಕಿದೆ, ಮೂತಿ ಎತ್ತಿ ಇಡುವುದಿಲ್ಲ ಅಂತ ಮಾತು ತೆಗೆದುಕೊಂಡೆ. ಮೇ ತಿಂಗಳ ಕೊನೆಗೆ ಟ್ರೈಲರ್ ಹಿಂದಕ್ಕೆ ತಳ್ಳಿ ಶಟರ್ ಎಳೆದೆವು. ನಾಲ್ಕು ಬೆರಳು ಜಾಗ ಉಳಿಯಿತು. ಆ ಹೊತ್ತಿಗೆ ಬೈಕಂಪಾಡಿಯ ಮೇಸ್ತ್ರಿಯವರೂ ಅಲ್ಲಿದ್ದರು, ಅವರೇ ಮತ್ತೊಮ್ಮೆ ಟೇಪು ಹಿಡಿದು ನೋಡಿದರು.

ಈಗ ಐದೂ ಅಳತೆಯನ್ನು ಮಿಲಿಮೀಟರಿನಲ್ಲೂ ಅಡಿಯಲ್ಲೂ ಅಲ್ಯುಮಿನಿಯಂ ತಗಡಿನ ಮೇಲೆ ಕೊರೆಸಿ ಗ್ಯಾಸ್ ಸಿಲಿಂಡರಿನ ಕಪಾಟಿನ ಬಾಗಿಲ ಒಳಬದಿಗೆ ರಿವೆಟ್ ಹೊಡೆಯುತ್ತೇನೆ. ತಗಡಿಗೆ ಮುನ್ನೂರು ರೂಪಾಯಿ ಬೀಳುತ್ತದೆ, ಗಿರಾಕಿಯ ಹತ್ತಿರ ತೆಗೆದುಕೊಳ್ಳುವುದಿಲ್ಲ. ಹೋದ ತಿಂಗಳು ಮೇಸ್ತ್ರಿಯವರು ತಮ್ಮ ಐಸ್ ಲಾರಿಗಳಿಗೂ ಅಂಥದೇ ಕೊರೆಸಿಕೊಡಿ ಅಂತ ಅಳತೆಯ ಚೀಟಿ ಕಳಿಸಿದ್ದಾರೆ.