ಮಲೆನಾಡಿನ ನರ್ಸಿಂಗ್ ಹೋಂನಲ್ಲಿ ಕ್ಯಾಶ್‌ಲೆಸ್ ಕ್ಲೇಮು: ಕೇಸ್ ಶೀಟ್‌ನಿಂದ ಬ್ಯಾಂಕ್ ಖಾತೆವರೆಗೆ

ತೀರ್ಥಹಳ್ಳಿ, ಸಾಗರ, ಸೊರಬ, ಹೊಸನಗರದಂಥ ಊರುಗಳ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂಗಳಲ್ಲಿ ಇನ್ಶೂರೆನ್ಸಿಗೆಂದೇ ಬೇರೆ ವಿಭಾಗ ಇರುವುದಿಲ್ಲ. ರಿಸೆಪ್ಷನ್‌ನಲ್ಲಿ ಕೂತವರೇ ಪ್ರೀ-ಆಥ್ (ಚಿಕಿತ್ಸೆಯ ಖರ್ಚಿಗೆ ಮುಂಗಡ ಒಪ್ಪಿಗೆಯ ಕೋರಿಕೆ) ಕಳಿಸಬೇಕು, ಬಿಲ್ಲು ಮಾಡಬೇಕು, ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎಯ ಫೋನೂ ಎತ್ತಬೇಕು. ಕ್ಲೇಮಿನಲ್ಲಿ ದುಡ್ಡು ಕಡಿತವಾದರೆ ಬೈಗುಳವೂ ಅವರಿಗೇ. ಆದರೆ ಕಡಿತದ ಬೇರು ಬಹಳ ಸಲ ಇರುವುದು ಕೇಸ್ ಶೀಟ್‌ನ ಮೊದಲ ಪುಟದಲ್ಲಿ. ಅದನ್ನು ಬರೆಯುವವರು ಡಾಕ್ಟರು. ಅದಕ್ಕೇ ಇದನ್ನು ಮೊದಲು ಡಾಕ್ಟರು ಓದಬೇಕು, ಆಮೇಲೆ ಬಿಲ್ಲಿಂಗ್‌ನವರ ಕೈಗೆ ಕೊಡಬೇಕು.

ಆಸ್ಪತ್ರೆಯ ಕಾಗದಪತ್ರ

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಪಾಲಿಸಿಗಳಲ್ಲಿ 'ಆಸ್ಪತ್ರೆ' ಎಂಬುದಕ್ಕೆ ಒಂದು ವ್ಯಾಖ್ಯೆ ಇದೆ: ಕಾನೂನಿನಡಿ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಕನಿಷ್ಠ ಹಾಸಿಗೆ, ಹಗಲೂ ರಾತ್ರಿ ಡಾಕ್ಟರು ಮತ್ತು ನರ್ಸು, ಆಪರೇಷನ್ ಥಿಯೇಟರ್, ದಿನದಿನದ ದಾಖಲೆ ಎಲ್ಲವೂ ಇರಬೇಕು. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ 10 ಹಾಸಿಗೆ ಸಾಕು, ಉಳಿದೆಡೆ 15. ನಮ್ಮ ಶಿವಮೊಗ್ಗ ಜಿಲ್ಲೆಯ ಎಲ್ಲ ಊರುಗಳೂ ಮೊದಲ ಗುಂಪಿಗೇ ಸೇರುತ್ತವೆ. ನೋಂದಣಿಯ ಅವಧಿ ಮುಗಿದದ್ದು ಕ್ಲೇಮು ತಿರಸ್ಕಾರವಾದಾಗಲಷ್ಟೇ ಗೊತ್ತಾದರೆ ಅದರ ನಷ್ಟ ರೋಗಿಯದು.

ವಿಮಾ ಕಂಪನಿಗಳು ಆಸ್ಪತ್ರೆಯನ್ನು ಗುರುತಿಸುವ 13 ಅಂಕಿಯ ರೋಹಿಣಿ ಐಡಿ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಪ್ರೀ-ಆಥ್ ಫಾರಂನಲ್ಲಿ ಅದನ್ನು ಕೇಳುತ್ತಾರೆ.

ನಿಮ್ಮದು ಯಾವ ವಿಮಾ ಕಂಪನಿಯ ನೆಟ್‌ವರ್ಕ್‌ನಲ್ಲೂ (ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ಪಟ್ಟಿಯಲ್ಲೂ) ಇಲ್ಲವೇ? ಅಷ್ಟಕ್ಕೇ ಕ್ಯಾಶ್‌ಲೆಸ್ ಬಾಗಿಲು ಮುಚ್ಚುವುದಿಲ್ಲ. ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲಿ ತಂದ 'ಕ್ಯಾಶ್‌ಲೆಸ್ ಎವೆರಿವೇರ್' ಪ್ರಕಾರ 15 ಹಾಸಿಗೆ ಮತ್ತು ನೋಂದಣಿ ಇರುವ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ನಿಗದಿಯಾದ ಆಪರೇಷನ್ ಆದರೆ 48 ಗಂಟೆ ಮೊದಲು ತಿಳಿಸಬೇಕು, ತುರ್ತಾದರೆ ಅಡ್ಮಿಷನ್ ಆದ 48 ಗಂಟೆಯೊಳಗೆ. ಹರ್ನಿಯಾ, ಗರ್ಭಕೋಶದ ಆಪರೇಷನ್‌ಗೆ ದಿನ ಕೊಡುವಾಗಲೇ ಪಾಲಿಸಿ ಕಾರ್ಡ್ ಕೇಳಿ.

ಅಡ್ಮಿಷನ್ ಟಿಪ್ಪಣಿ

ಇಲ್ಲಿ ಅವಸರ ಬೇಡ. ಕಂಪನಿಯ ಡಾಕ್ಟರು ರೋಗಿಯನ್ನು ನೋಡುವುದಿಲ್ಲ, ನಿಮ್ಮ ಅಕ್ಷರವನ್ನು ಮಾತ್ರ ನೋಡುತ್ತಾರೆ.

ಮೊದಲನೆಯದು, ಅಡ್ಮಿಟ್ ಮಾಡಿದ್ದು ಯಾಕೆ ಎಂಬುದು. 'ಅಬ್ಸರ್ವೇಷನ್‌ಗೆ', 'ತಪಾಸಣೆಗೆ' ಎಂದು ಬರೆದರೆ ಅಲ್ಲಿಗೇ ಮುಗಿಯಿತು. ಬರೀ ತಪಾಸಣೆಗಾಗಿ ಆದ ಅಡ್ಮಿಷನ್ನಿಗೆ ಪಾಲಿಸಿ ದುಡ್ಡು ಕೊಡುವುದಿಲ್ಲ. ಹೊರರೋಗಿಯಾಗಿ ಯಾಕೆ ನಿಭಾಯಿಸಲಾಗಲಿಲ್ಲ ಎಂಬುದನ್ನು ಅಂಕಿಗಳಲ್ಲಿ ಹೇಳಿ: ರಕ್ತದೊತ್ತಡ ಇಷ್ಟು, ಆಮ್ಲಜನಕ ಇಷ್ಟು, ಇಷ್ಟು ಸಲ ವಾಂತಿ, ಬಾಯಲ್ಲಿ ಕೊಟ್ಟ ಮಾತ್ರೆ ನಿಲ್ಲುತ್ತಿಲ್ಲ, ಡ್ರಿಪ್ ಬೇಕು. ಒಂದು ದಿನದೊಳಗೆ ಮುಗಿಯುವ ಚಿಕಿತ್ಸೆಗಳ ಡೇ-ಕೇರ್ ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ 24 ಗಂಟೆಯ ಒಳರೋಗಿ ವಾಸ ಬೇಕು. ಆದ್ದರಿಂದ ಅಡ್ಮಿಷನ್, ಡಿಸ್ಚಾರ್ಜ್ ಎರಡಕ್ಕೂ ದಿನಾಂಕದ ಜೊತೆ ಗಂಟೆ-ನಿಮಿಷ ಬರೆಯಿರಿ. ಸಿಸ್ಟರ್ ಚಾರ್ಟ್‌ನಲ್ಲಿ ಒಂದು ಹೊತ್ತು, ಬಿಲ್ಲಿನಲ್ಲಿ ಇನ್ನೊಂದು ಹೊತ್ತು ಇದ್ದರೆ ಕ್ವೆರಿ (ಕಂಪನಿಯ ಪ್ರಶ್ನೆ) ಖಂಡಿತ.

ಎರಡನೆಯದು, ಹಳೆಯ ಕಾಯಿಲೆಯ ಇತಿಹಾಸ. ಮಗ ಬಾಯಿಗೆ ಬಂದಂತೆ "ಅಪ್ಪಂಗೆ ಶುಗರ್ ಒಂದೈದು ವರ್ಷದಿಂದ ಇರ್ಬೇಕು" ಅನ್ನುತ್ತಾನೆ. ಡ್ಯೂಟಿ ಡಾಕ್ಟರು 'ಐದು ವರ್ಷ' ಎಂದು ಬರೆದುಬಿಡುತ್ತಾರೆ. ಪಾಲಿಸಿ ಮಾಡಿಸಿ ಎರಡು ವರ್ಷ ಆಗಿದ್ದರೆ ಆ ಒಂದು ಸಾಲಿನಿಂದಲೇ 'ಮೊದಲೇ ಇದ್ದ ಕಾಯಿಲೆ, ಮುಚ್ಚಿಟ್ಟಿದ್ದಾರೆ' ಎಂಬ ಪತ್ರ ಬರುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಸತತ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ಮುಚ್ಚಿಟ್ಟಿದ್ದರು ಎಂಬ ಕಾರಣ ಹೇಳಿ ಕ್ಲೇಮು ನಿರಾಕರಿಸುವಂತಿಲ್ಲ. ಹೀಗಾಗಿ ಎಷ್ಟು ತಿಂಗಳು ಎಂಬುದರ ಮೇಲೆ ಲಕ್ಷಾಂತರ ರೂಪಾಯಿ ನಿಂತಿರುತ್ತದೆ. ಹಳೆ ಚೀಟಿ ತರಿಸಿ, ಮೊದಲ ಮಾತ್ರೆ ಬರೆದ ದಿನಾಂಕ ನೋಡಿ. ಚೀಟಿ ಇಲ್ಲದಿದ್ದರೆ 'ಮಗ ಹೇಳಿದಂತೆ, ದಾಖಲೆ ಇಲ್ಲ' ಎಂದು ಬರೆಯಿರಿ. ಇದು ರೋಗಿಯ ಪರ ಸುಳ್ಳು ಹೇಳುವ ಉಪಾಯ ಅಲ್ಲ. ಹತ್ತು ವರ್ಷದ ಚೀಟಿ ಸಿಕ್ಕರೆ ಹತ್ತೇ ಬರೆಯಬೇಕು. ಆಮೇಲೆ ತಿದ್ದಿದ ಕೇಸ್ ಶೀಟ್ ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ನೋಂದಣಿ. ಬರೆದದ್ದು ನಿಜಕ್ಕೂ ತಪ್ಪಾಗಿದ್ದರೆ ಒಂದೇ ಗೆರೆ ಎಳೆದು, ಕಾರಣ, ಸಹಿ, ದಿನಾಂಕ, ಹೊತ್ತು ಹಾಕಿ, ವೈಟ್ನರ್ ಮುಟ್ಟಲೇಬೇಡಿ.

ನಮ್ಮ ಕಡೆ ಹೆಚ್ಚು ಸಿಕ್ಕಿಕೊಳ್ಳುವ ಮೂರು ಕೇಸು

ಅಡಿಕೆ ಮರದಿಂದ ಬಿದ್ದ ಕೊನೆಗಾರ. ಅಪಘಾತ ಎಂದರೆ ಕಂಪನಿ ಎಫ್‌ಐಆರ್ ಕೇಳುವುದುಂಟು, ತೋಟದಲ್ಲಿ ಬಿದ್ದವರಿಗೆ ಬಹಳ ಸಲ ಅದು ಇರುವುದಿಲ್ಲ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣದ ದಾಖಲೆ) ಮಾಡಿ ಠಾಣೆಗೆ ತಿಳಿಸಿ, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಎಲ್ಲಿ, ಎಷ್ಟು ಅಡಿ ಎತ್ತರದಿಂದ, ಎಷ್ಟು ಹೊತ್ತಿಗೆ, ಯಾರು ನೋಡಿದರು ಎಂದು ಮನೆಯವರ ಕೈಯಲ್ಲಿ ಬರೆಸಿ ಸಹಿ ಹಾಕಿಸಿ. ಮದ್ಯದ ವಾಸನೆ ಇತ್ತೋ ಇಲ್ಲವೋ ಪರೀಕ್ಷಿಸಿ ಬರೆಯಿರಿ. ಆ ಜಾಗ ಖಾಲಿ ಬಿಟ್ಟರೆ ಮೂರನೆಯ ದಿನ ಅದೇ ಕ್ವೆರಿ ಬರುತ್ತದೆ, ಆಗ ಉತ್ತರಕ್ಕೆ ಆಧಾರ ಇರುವುದಿಲ್ಲ.

ಪ್ಲೇಟ್‌ಲೆಟ್ ಇಳಿದ ಜ್ವರ. ಮಂಗನ ಕಾಯಿಲೆಯೋ ಡೆಂಗಿಯೋ ಇಲಿಜ್ವರವೋ ಮೊದಲ ದಿನ ಹೇಳಲಾಗದು. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ರಕ್ತ ಕಳಿಸಿದರೆ ವರದಿ ಬರುವ ಹೊತ್ತಿಗೆ ರೋಗಿ ಮನೆಗೆ ಹೋಗಿರಬಹುದು. ಪ್ರೀ-ಆಥ್‌ನಲ್ಲಿ ಒಂದೇ ಹೆಸರಿಗೆ ಜೋತುಬೀಳದೆ 'ತೀವ್ರ ಜ್ವರ, ಪ್ಲೇಟ್‌ಲೆಟ್ ಕೊರತೆ, ಇಂಥಿಂಥ ಶಂಕೆ' ಎಂದು ಹಾಕಿ. ವರದಿ ಬಂದ ಮೇಲೆ ಅಂತಿಮ ರೋಗನಿರ್ಣಯ ಬದಲಿಸಿ, ಬದಲಿಸಿದ್ದು ಯಾಕೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಸೇರಿಸಿ. ಕಾಯಿಲೆಗಳ ಅಂತಾರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಮಂಗನ ಕಾಯಿಲೆಯ ಕೋಡ್ ಎ98.2. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಕಾಯಿಲೆಯ ಹೆಸರನ್ನೇ ಕೇಳದವರು ದೂರದ ಟಿಪಿಎ ಕಚೇರಿಯಲ್ಲಿ ಕೂತಿರಬಹುದು. ಕೋಡ್ ಇದ್ದರೆ ವಿವರಿಸುವ ಶ್ರಮ ಉಳಿಯುತ್ತದೆ.

ಹಾವು ಕಡಿತ. ಕ್ವೆರಿ ಬರುವುದು ಆಂಟಿವೆನಮ್ ವಯಲ್‌ಗಳ ಲೆಕ್ಕದ ಮೇಲೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಬಂದ ಕೂಡಲೇ ಮಾಡಿ, ಆಂಟಿವೆನಮ್ ಕೊಟ್ಟ ಮೇಲೆ 6 ಗಂಟೆಗೊಮ್ಮೆ ಮಾಡಿ, ಪ್ರತಿಸಲದ ಫಲಿತಾಂಶ ಹೊತ್ತಿನ ಸಮೇತ ಬರೆಯಿರಿ. ಮೊದಲ 10 ವಯಲ್ ಯಾಕೆ, 6 ಗಂಟೆಯ ನಂತರ ಮತ್ತೆ ಯಾಕೆ ಕೊಡಬೇಕಾಯಿತು ಎಂಬುದಕ್ಕೆ ಆ ನಾಲ್ಕು ಸಾಲೇ ಉತ್ತರ. ಚಾರ್ಟ್‌ನಲ್ಲಿ 20 ವಯಲ್, ಫಾರ್ಮಸಿ ಬಿಲ್ಲಿನಲ್ಲಿ 22 ಇದ್ದರೆ ಎರಡು ವಯಲ್ ವಾಪಸಾದ ರಸೀದಿ ಬೇಕು. ಬ್ಯಾಚ್ ನಂಬರೂ ಹೊಂದಬೇಕು. ಕೊಳಕುಮಂಡಲದ ಬದಲು ಹಂಪ್-ನೋಸ್ಡ್ ಪಿಟ್ ವೈಪರ್ ಕಡಿದಿದ್ದರೆ ನಮ್ಮಲ್ಲಿ ಸಿಗುವ ಪಾಲಿವೇಲೆಂಟ್ ಆಂಟಿವೆನಮ್ ಅದಕ್ಕೆ ನಾಟುವುದಿಲ್ಲ. ಹಾವು ಗುರುತಾಗಿತ್ತೇ, ಯಾವ ಆಧಾರದ ಮೇಲೆ ಕೊಟ್ಟಿರಿ ಅಥವಾ ಕೊಡಲಿಲ್ಲ ಎಂಬುದನ್ನೂ ಬರೆದಿಡಿ.

ಒಂದು ಗಂಟೆ, ಮೂರು ಗಂಟೆ

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐಯ 2024ರ ಮೇ ತಿಂಗಳ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕೂ ತಡವಾಗಿ ಆಸ್ಪತ್ರೆ ಹೆಚ್ಚುವರಿ ದುಡ್ಡು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಚಿಕಿತ್ಸೆಯಲ್ಲಿ ರೋಗಿ ತೀರಿಕೊಂಡರೆ ಕ್ಲೇಮನ್ನು ತಕ್ಷಣ ಮುಗಿಸಿ ದೇಹ ಬಿಡಿಸಿಕೊಡಬೇಕು. ಈ ಗಡುವು ನಿಮ್ಮ ಕೈಯಲ್ಲಿರುವ ಆಯುಧ. ಆದರೆ ಪೂರ್ತಿ ಕಾಗದ ಹೋಗಿದ್ದರೆ ಮಾತ್ರ ಅದಕ್ಕೆ ಮೊನೆ.

ಕಳಿಸಬೇಕಾದ್ದು: ಡಾಕ್ಟರ ಸಹಿ, ನೋಂದಣಿ ಸಂಖ್ಯೆ ಇರುವ ಪ್ರೀ-ಆಥ್ ಫಾರಂ, ಪಾಲಿಸಿ ಕಾರ್ಡ್, ಆಧಾರ್, ಮೊದಲ ಭೇಟಿಯ ಚೀಟಿ, ಆಗಿರುವ ಪರೀಕ್ಷೆಗಳ ವರದಿ, ಅಂದಾಜು ಖರ್ಚು. ಆಧಾರ್‌ನಲ್ಲಿ ಊರಿನ ಹೆಸರು ಸೇರಿ ಉದ್ದವಾಗಿ, ಪಾಲಿಸಿಯಲ್ಲಿ ಬರೀ ಇನಿಶಿಯಲ್ ಇದ್ದರೆ 'ಇಬ್ಬರೂ ಒಬ್ಬರೇ' ಎಂಬ ಸ್ವಯಂಘೋಷಣೆಯನ್ನು ಆಗಲೇ ಲಗತ್ತಿಸಿ. ಅಂದಾಜನ್ನು ಬೇಕೆಂದೇ ಕಡಿಮೆ ಹಾಕಬೇಡಿ. ಖರ್ಚು ಮಂಜೂರಾತಿ ಮೀರುವ ಲಕ್ಷಣ ಕಂಡ ದಿನವೇ ಹೆಚ್ಚುವರಿ ಮಂಜೂರಾತಿ ಕೇಳಿ. ಡಿಸ್ಚಾರ್ಜ್ ದಿನ ಒಂದೇ ಸಲ ದುಪ್ಪಟ್ಟು ಬಿಲ್ಲು ಕಳಿಸಿದರೆ ಮೂರು ಗಂಟೆ ಎಂಬುದು ಬರೀ ಮಾತಾಗುತ್ತದೆ.

ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಪೋರ್ಟಲ್ ತೆರೆಯದಿದ್ದರೆ ಫೋನಿನಲ್ಲೇ ಸ್ಕ್ಯಾನ್ ಮಾಡಿ ಇಮೇಲ್ ಹಾಕಿ. ಕಳಿಸಿದ ಹೊತ್ತಿಗೆ ಅದೇ ಸಾಕ್ಷಿ. ಡಿಸ್ಚಾರ್ಜ್ ಎಂದು ಹಿಂದಿನ ರಾತ್ರಿ ರೌಂಡ್ಸ್‌ನಲ್ಲೇ ತೀರ್ಮಾನಿಸಿ ಸಮ್ಮರಿ ಬರೆದಿಟ್ಟರೆ ಬೆಳಿಗ್ಗೆ 9ಕ್ಕೆ ಬಿಲ್ಲು ಹೋಗುತ್ತದೆ. ಮಧ್ಯಾಹ್ನ 2ಕ್ಕೆ ಕಳಿಸಿದರೆ ಹೊಸನಗರದಾಚೆಯ ಹಳ್ಳಿಗೆ ಹೋಗಬೇಕಾದವರಿಗೆ ಕೊನೇ ಬಸ್ಸು ತಪ್ಪುತ್ತದೆ.

ಬಿಲ್ಲಿನ ಲೆಕ್ಕ

ಅತಿ ಹೆಚ್ಚು ದುಡ್ಡು ತಪ್ಪಾಗಿ ಹೋಗುವುದು ಅನುಪಾತ ಕಡಿತದಲ್ಲಿ, ಅಂದರೆ ರೂಮ್ ಬಾಡಿಗೆ ಮಿತಿ ಮೀರಿದಾಗ ಅದೇ ಪ್ರಮಾಣದಲ್ಲಿ ಬೇರೆ ಖರ್ಚನ್ನೂ ಕತ್ತರಿಸುವುದರಲ್ಲಿ. ಒಂದು ಉದಾಹರಣೆ. ಪಾಲಿಸಿ 3 ಲಕ್ಷದ್ದು, ರೂಮ್ ಬಾಡಿಗೆ ಮಿತಿ ಶೇ 1, ಅಂದರೆ ದಿನಕ್ಕೆ 3,000. ರೋಗಿ 4,500ರ ರೂಮಿನಲ್ಲಿ ನಾಲ್ಕು ದಿನ ಇದ್ದರು. ಬಿಲ್ಲು: ರೂಮ್ 18,000, ಡಾಕ್ಟರ್ ಮತ್ತು ನರ್ಸಿಂಗ್ 12,000, ಔಷಧಿ 22,000, ಲ್ಯಾಬ್ 9,000, ಒಟ್ಟು 61,000.

ಟಿಪಿಎ ಇಡೀ ಬಿಲ್ಲಿಗೆ ಮೂರರಲ್ಲಿ ಎರಡು ಭಾಗ ಎಂದು ಲೆಕ್ಕ ಹಾಕಿ 40,667 ಮಂಜೂರು ಮಾಡಿದರೆ ಅದು ತಪ್ಪು. ಔಷಧಿ, ಕನ್ಸ್ಯೂಮಬಲ್, ಇಂಪ್ಲಾಂಟ್, ಲ್ಯಾಬ್ ಮತ್ತು ಸ್ಕ್ಯಾನ್ ಖರ್ಚಿಗೆ ಈ ಕಡಿತ ಹಾಕುವಂತಿಲ್ಲ, ಐಸಿಯು ಬಾಡಿಗೆಗೂ ಇಲ್ಲ. ಹಾಗಾಗಿ ರೂಮಿಗೆ 12,000, ಡಾಕ್ಟರ್-ನರ್ಸಿಂಗ್‌ಗೆ 8,000, ಔಷಧಿ ಮತ್ತು ಲ್ಯಾಬ್ ಪೂರ್ತಿ 31,000 ಸೇರಿ 51,000 ಬರಬೇಕು. ಇನ್ನೂ ಒಂದು ಮಾತಿದೆ, ಸಣ್ಣ ಊರಿನ ಆಸ್ಪತ್ರೆಗಳಿಗೆ ಇದೇ ಮುಖ್ಯ: ರೂಮು ಬದಲಾದರೂ ಡಾಕ್ಟರ ಫೀಸು ಬದಲಾಗದ ಆಸ್ಪತ್ರೆಯಲ್ಲಿ ಅನುಪಾತ ಕಡಿತವನ್ನೇ ಮಾಡಬಾರದು. ಜನರಲ್ ವಾರ್ಡಿಗೂ ಸ್ಪೆಷಲ್ ರೂಮಿಗೂ ಒಂದೇ ವಿಸಿಟ್ ಫೀಸು, ಒಂದೇ ನರ್ಸಿಂಗ್ ಚಾರ್ಜು ಇದ್ದರೆ ಹೋಗುವುದು ರೂಮಿನ ವ್ಯತ್ಯಾಸ 6,000 ಮಾತ್ರ, ಸಿಗಬೇಕಾದ್ದು 55,000. ಇದಕ್ಕೆ ಗೋಡೆಗೆ ಹಾಕಿದ ದರಪಟ್ಟಿಯೇ ಪುರಾವೆ. ಸಹಿ-ಸೀಲು ಹಾಕಿದ ಪ್ರತಿಯನ್ನು ಪ್ರತಿ ಅಂತಿಮ ಬಿಲ್ಲಿಗೂ ಲಗತ್ತಿಸಿ, ಕಡಿತ ಕಂಡರೆ ರೋಗಿ ಮನೆಗೆ ಹೋಗುವ ಮೊದಲೇ ಇಮೇಲ್‌ನಲ್ಲಿ ಪ್ರಶ್ನಿಸಿ.

ಇನ್ನು ಕೊಡದ ವಸ್ತುಗಳ ನಾಲ್ಕು ಪಟ್ಟಿ. ಒಂದನೆಯದರಲ್ಲಿ 68 ವಸ್ತುಗಳಿವೆ: ಗ್ಲೌಸು, ಡೈಪರ್, ಆಕ್ಸಿಜನ್ ಮಾಸ್ಕು, ಬೆಲ್ಟು ಇತ್ಯಾದಿ, ಪಾಲಿಸಿಯಲ್ಲಿ ಬೇರೆ ಸೌಲಭ್ಯ ಇಲ್ಲದಿದ್ದರೆ ಇದು ರೋಗಿಯ ಪಾಲು, ಅಡ್ಮಿಷನ್ ದಿನವೇ ಹೇಳಿಬಿಡಿ. 'ವಿವರವಿಲ್ಲದ ಕಿಟ್' ಕೂಡ ಈ ಪಟ್ಟಿಯಲ್ಲಿದೆ. ಬಿಲ್ಲಿನಲ್ಲಿ 'ಡೆಲಿವರಿ ಕಿಟ್ 2,400' ಎಂದಿದ್ದರೆ ಪೂರ್ತಿ ಹೋಗುತ್ತದೆ. ಒಳಗಿನ ಹೊಲಿಗೆ ದಾರ, ಕ್ಯಾತಿಟರ್ ಎಲ್ಲ ಬಿಡಿಸಿ ಬರೆದರೆ ಅಷ್ಟಾದರೂ ಬರುತ್ತದೆ. ಉಳಿದ ಮೂರು ಪಟ್ಟಿಗಳ ವಸ್ತುಗಳು ರೂಮ್, ಆಪರೇಷನ್, ಚಿಕಿತ್ಸೆಯ ದರದೊಳಗೆ ಸೇರಿವೆ ಎಂದು ಲೆಕ್ಕ. ಫೈಲ್ ಚಾರ್ಜು, ಸರ್ಜಿಕಲ್ ಬ್ಲೇಡು, ಯೂರಿನ್ ಬ್ಯಾಗು ಎಂದು ಬೇರೆ ಸಾಲು ಹಾಕಿ ಪ್ರಯೋಜನವಿಲ್ಲ. ಒಪ್ಪಂದ ನವೀಕರಿಸುವಾಗ ಆ ಖರ್ಚು ಸೇರಿಸಿಯೇ ದರ ಮಾತಾಡಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಲೆಕ್ಕವೇ ಬೇರೆ, ಅಲ್ಲಿ ಪ್ಯಾಕೇಜ್ ದರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್‌ನ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಿಂದ ರೆಫರಲ್ ಬೇಕು. ಆಪರೇಷನ್ ಮುಗಿಸಿ ಆಮೇಲೆ ರೆಫರಲ್ ತನ್ನಿ ಎಂದು ಮನೆಯವರನ್ನು ಓಡಿಸಬೇಡಿ. ಆಗುಂಬೆ ಘಾಟಿಯಂಥ ಕಡೆಯ ರಸ್ತೆ ಅಪಘಾತಕ್ಕೆ 2025ರ ಕೇಂದ್ರ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ.

ತಿರಸ್ಕಾರ, ಆಮೇಲೆ ಪಾವತಿ

ಫೋನಿನಲ್ಲಿ "ಆಗಲ್ಲ ಸರ್" ಅಂದರೆ ಒಪ್ಪಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ. ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕಂಪನಿ ತಿರಸ್ಕರಿಸುವಂತಿಲ್ಲ. ಮುಂದಿನ ದೂರು ಪಾಲಿಸಿದಾರರದ್ದು, ಆಸ್ಪತ್ರೆಯದಲ್ಲ. ಅವರು ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ, ಮಿತಿ 50 ಲಕ್ಷ. ಡಾಕ್ಟರು ಕೊಡಬೇಕಾದ್ದು ಒಂದು ಪುಟದ ಸ್ಪಷ್ಟೀಕರಣ: ಕಂಪನಿ ಎತ್ತಿದ ಪ್ರಶ್ನೆಗೆ ಮಾತ್ರ ಉತ್ತರ, ಕೇಸ್ ಶೀಟ್‌ನ ಪುಟಸಂಖ್ಯೆ ಸಮೇತ.

ದುಡ್ಡು ಬಂದಾಗ ಬ್ಯಾಂಕಿನ ಮೊತ್ತ ಮಂಜೂರಾತಿಗೆ ಹೊಂದುವುದಿಲ್ಲ. ಶೇ 10 ಟಿಡಿಎಸ್ (ಪಾವತಿಸುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿದಿರುತ್ತಾರೆ. ಮೇಲಿನ 55,000ಕ್ಕೆ ಕೈಗೆ ಬರುವುದು 49,500. ಕ್ಲೇಮು ಸಂಖ್ಯೆ, ಮಂಜೂರಾದದ್ದು, ಟಿಡಿಎಸ್, ಬಂದದ್ದು, ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆ, ದಿನಾಂಕ ಎಂಬ ಆರು ಕಲಂನ ಒಂದು ರಿಜಿಸ್ಟರ್ ಸಾಕು. ಇದಿಲ್ಲದೆ ಟಿಡಿಎಸ್ ಹೋದದ್ದನ್ನೂ ಕಡಿತ ಎಂದುಕೊಂಡು, ನಿಜವಾದ ಕಡಿತವನ್ನು ಟಿಡಿಎಸ್ ಎಂದುಕೊಂಡು ಬಿಟ್ಟುಬಿಡುತ್ತಾರೆ. ಮೂರು ತಿಂಗಳಿಗೊಮ್ಮೆ ನಿಮ್ಮ ಪ್ಯಾನ್‌ಗೆ ಜಮೆಯಾದ ಟಿಡಿಎಸ್‌ನ ವಿವರಪಟ್ಟಿ (26ಎಎಸ್) ತೆಗೆದು ತಾಳೆ ನೋಡಿ. ಒಪ್ಪಂದದಲ್ಲಿ ಕೊಟ್ಟ ಪ್ಯಾನ್ ಡಾಕ್ಟರ ಸ್ವಂತದ್ದು, ಬ್ಯಾಂಕ್ ಖಾತೆ ನರ್ಸಿಂಗ್ ಹೋಂನ ಪಾಲುದಾರಿಕೆ ಸಂಸ್ಥೆಯದ್ದು ಎಂದಾಗಿದ್ದರೆ ತೆರಿಗೆ ಒಬ್ಬರ ಹೆಸರಿಗೆ, ಆದಾಯ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ಹಾಗಿದ್ದರೆ ಮುಂದಿನ ಕ್ಲೇಮು ಕಳಿಸುವ ಮೊದಲೇ ಟಿಪಿಎಗೆ ಬರೆದು ಪ್ಯಾನ್ ಬದಲಿಸಿಕೊಳ್ಳಿ.