ಗಾಯ ಮಾಯಿತು, ಕಲೆಗೆ ಏನು ಹಚ್ಚಬೇಕು?

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಮೆಟ್ಟುಗತ್ತಿ ತಾಗಿ ಬೆರಳು ಕುಯ್ದುಕೊಳ್ಳುವವರು ಇದ್ದೇ ಇರುತ್ತಾರೆ. ಘಟ್ಟ ಇಳಿದರೆ ಗೇರುಬೀಜದ ಸೊನೆ ಸುಟ್ಟ ಕಪ್ಪು ಗುರುತು, ಬೈಕಿನ ಸೈಲೆನ್ಸರ್ ತಾಗಿದ ಕಾಲು. ಗಾಯವೇನೋ ಮಾಯುತ್ತದೆ, ಆಮೇಲೆ ಕಲೆಗೆ ಟ್ಯೂಬು ಹುಡುಕಾಟ ಶುರು. ಕಲೆಯನ್ನು ಪೂರ್ತಿ ಅಳಿಸುವ ಮುಲಾಮು ಯಾವುದೂ ಇಲ್ಲ. ಆದರೆ ಸರಿಯಾದ ಹೊತ್ತಿಗೆ ಶುರುಮಾಡಿ, ತಿಂಗಳುಗಟ್ಟಲೆ ಬಿಡದೆ ಹಚ್ಚಿದರೆ ಕಲೆ ತಗ್ಗುತ್ತದೆ, ಮೆತ್ತಗಾಗುತ್ತದೆ.

ಗಾಯ ಹಸಿ ಇರುವಾಗ

ಕಲೆಯ ಅರ್ಧ ಹಣೆಬರಹ ಇಲ್ಲೇ ನಿರ್ಧಾರವಾಗುತ್ತದೆ. ಸೋಪು ನೀರಿನಲ್ಲಿ ತೊಳೆದು, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಬ್ಯಾಂಡೇಜ್ ಹಾಕಿ. ದಿನಕ್ಕೊಮ್ಮೆ ಬದಲಿಸಿ. ‘ಗಾಳಿಗೆ ಬಿಡು, ಒಣಗಲಿ’ ಎನ್ನುವವರೇ ಜಾಸ್ತಿ. ಆದರೆ ತೇವ ಇರುವ ಗಾಯದ ಮೇಲೆಯೇ ಹೊಸ ಚರ್ಮ ಬೇಗ ಹಬ್ಬುತ್ತದೆ. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲೇ ಹಂದಿಗಳ ಗಾಯದ ಮೇಲೆ ಇದನ್ನು ತೋರಿಸಿದ್ದರು. ಹಕ್ಕಳೆ ಕೀಳಬೇಡಿ. ಸುಣ್ಣ, ಟೂತ್‌ಪೇಸ್ಟ್ ಹತ್ತಿರವೂ ತರಬೇಡಿ. ಕತ್ತಿ ಆಳಕ್ಕೆ ಇಳಿದಿದ್ದರೆ ಹೊಲಿಗೆ, ಟಿಟನಸ್ ಇಂಜೆಕ್ಷನ್‌ಗೆ ಅಂದೇ ಆಸ್ಪತ್ರೆಗೆ ಹೋಗಿ.

ಮಾಯಿದ ಮೇಲೆ ಸಿಲಿಕೋನ್

ಸಿಲಿಕೋನ್ ಹಚ್ಚುವ ಮೊದಲು ಹಕ್ಕಳೆ ಉದುರಿ, ಎಲ್ಲೂ ನೀರು ಒಸರದೆ, ಹೊಸ ಚರ್ಮ ಪೂರ್ತಿ ಮುಚ್ಚಿಕೊಂಡಿರಬೇಕು. ಸಾಮಾನ್ಯವಾಗಿ ಇದಕ್ಕೆ 2–3 ವಾರ ಬೇಕು. ಉಬ್ಬುವ ಕಲೆಗೆ ಡಾಕ್ಟರುಗಳು ಮೊದಲು ಹೇಳುವುದು ಸಿಲಿಕೋನ್ ಜೆಲ್ ಅಥವಾ ಚರ್ಮಕ್ಕೆ ಅಂಟುವ ಸಿಲಿಕೋನ್ ಶೀಟ್. ಹೊಸ ಚರ್ಮಕ್ಕೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಅದು ಒಣಗಿದಷ್ಟೂ ಒಳಗಿನ ಜೀವಕೋಶಗಳು ಕೊಲಾಜನ್ ಎಂಬ ನಾರನ್ನು ಜಾಸ್ತಿ ಹೆಣೆಯುತ್ತವೆ, ಕಲೆ ಉಬ್ಬುತ್ತದೆ. ಸಿಲಿಕೋನ್ ಆ ನೀರನ್ನು ಹೊರಹೋಗಲು ಬಿಡುವುದಿಲ್ಲ.

ಜೆಲ್ ಆದರೆ ದಿನಕ್ಕೆ ಎರಡು ಸಲ. ಕಲೆಯನ್ನು ತೊಳೆದು, ಒರೆಸಿ, ತೀರಾ ತೆಳ್ಳಗೆ ಸವರಿ 4–5 ನಿಮಿಷ ಬಿಡಿ. ಆಮೇಲೂ ಬೆರಳಿಗೆ ಅಂಟಿದರೆ ಹಚ್ಚಿದ್ದು ಜಾಸ್ತಿಯಾಯಿತು, ಒರೆಸಿಬಿಡಿ. ಸಿಲಿಕೋನ್ ಶೀಟ್ ಆದರೆ ದಿನಕ್ಕೆ ಕನಿಷ್ಠ 12 ಗಂಟೆ ಅಂಟಿಕೊಂಡಿರಬೇಕು. ಅದನ್ನು ತೊಳೆದು ಮತ್ತೆ ಬಳಸಬಹುದು. ಕಾರವಾರ, ಕುಮಟಾದ ಸೆಕೆಯಲ್ಲಿ ಬೆವರಿಗೆ ಶೀಟ್ ಜಾರುತ್ತದೆ, ಅಡಿಯಲ್ಲಿ ಬೆವರುಸಾಲೆ ಏಳುತ್ತದೆ. ಹಾಗಾಗಿ ಇಲ್ಲಿನವರಿಗೆ ಹಗಲು ಜೆಲ್, ರಾತ್ರಿ ಫ್ಯಾನಿನ ಕೆಳಗೆ ಶೀಟ್ ಒಳ್ಳೆಯದು. ಕಡಿಮೆಯೆಂದರೂ 3 ತಿಂಗಳು ಮಾಡಬೇಕು. ಎರಡು ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಬಿಟ್ಟರೆ ದುಡ್ಡು ಸುಮ್ನೆ ಹೋದ ಹಾಗೆ.

ಒತ್ತಿ ತೀಡುವುದು

ಇದಕ್ಕೆ ಖರ್ಚಿಲ್ಲ. ಬೆರಳ ತುದಿಯಿಂದ ಕಲೆ ಬಿಳಿಚುವಷ್ಟು ಒತ್ತಿ, ಮೊದಲು ದುಂಡಗೆ, ಆಮೇಲೆ ಉದ್ದಕ್ಕೂ ಅಡ್ಡಕ್ಕೂ ತೀಡಿ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ. ಬೆರಳ ಗಂಟಿನ ಮೇಲಿನ ಕಲೆಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಚರ್ಮ ಬಿಗಿದು ಬೆರಳು ಮಡಚುವುದು ಕಷ್ಟ. ಜಾರಲು ಮನೆಯ ಮುರುಗಲು ತುಪ್ಪ ಚೆನ್ನಾಗಿದೆ. ಗಟ್ಟಿ ಉಂಡೆಯನ್ನು ಬೆರಳಲ್ಲಿ ಉಜ್ಜಿದರೆ ಮೈಬಿಸಿಗೇ ಮೆತ್ತಗಾಗುತ್ತದೆ. ಅದು ಕಲೆ ತೆಗೆಯುತ್ತದೆ ಎಂದುಕೊಳ್ಳಬೇಡಿ, ಕೆಲಸ ಮಾಡುವುದು ಒತ್ತಡ. ಜಿಡ್ಡನ್ನು ಪೂರ್ತಿ ತೊಳೆದ ಮೇಲೆಯೇ ಸಿಲಿಕೋನ್ ಹಚ್ಚಿ.

ಬಿಸಿಲಿಗೆ ಮರೆ

ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗುತ್ತದೆ. ಬಟ್ಟೆಯಿಂದ ಮುಚ್ಚಿ. ಆಗದಿದ್ದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಜೆಲ್ ಒಣಗಿದ ಮೇಲೆ ಸನ್‌ಸ್ಕ್ರೀನ್. ಸೊನೆ ಸುಟ್ಟ ಚಪ್ಪಟೆ ಕಪ್ಪು ಗುರುತಿಗೆ ಸಿಲಿಕೋನ್‌ಗಿಂತ ಇದೇ ಮುಖ್ಯ.

ಯಾವುದು ಬೇಡ

ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವುದರಿಂದ ಲಾಭವಿದೆ ಎನ್ನಲು ಗಟ್ಟಿ ಆಧಾರವಿಲ್ಲ, ಕೆಲವರಿಗೆ ಅಲರ್ಜಿಯಾಗಿ ತುರಿಕೆ ಏಳುತ್ತದೆ. ಈರುಳ್ಳಿ ಸತ್ವದ ಜೆಲ್‌ನಿಂದ ಆಗುವ ಲಾಭವೂ ಅಷ್ಟಕ್ಕಷ್ಟೇ. ನಿಜಕ್ಕೂ ಭಯಪಡಬೇಕಾದ್ದು ಸ್ಟೀರಾಯ್ಡ್ ಬೆರೆತ ಕ್ರೀಮುಗಳಿಗೆ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದು ಟ್ಯೂಬಿನ ಮೇಲೆ ಬರೆದಿದ್ದರೆ ಡಾಕ್ಟರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ. ಪಕ್ಕದ ಮನೆಯವರು ಕೊಟ್ಟ ಟ್ಯೂಬು ಎಂದು ಮಕ್ಕಳಿಗೆ ಹಚ್ಚುವುದಂತೂ ದಯವಿಟ್ಟು ನಿಲ್ಲಿಸಿ.

ಮುಲಾಮು ಸಾಲದಾಗ

ಮೊಡವೆಯ ಗುಳಿಗಳನ್ನು ಯಾವ ಕ್ರೀಮೂ ತುಂಬುವುದಿಲ್ಲ, ಅದಕ್ಕೆ ಲೇಸರ್, ಮೈಕ್ರೋನೀಡ್ಲಿಂಗ್‌ನಂಥ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ) ಚಿಕಿತ್ಸೆ ಬೇಕು. ಕಲೆ ಗಾಯದ ಗಡಿ ದಾಟಿ ಬೆಳೆಯುತ್ತಿದ್ದರೆ, ನೋವು ತುರಿಕೆ ಇದ್ದರೆ ಅದು ಕೀಲಾಯ್ಡ್ ಇರಬಹುದು. ಎದೆ, ಭುಜ, ಕಿವಿಹಾಲೆಯಲ್ಲಿ ಜಾಸ್ತಿ. ಚರ್ಮದ ಡಾಕ್ಟರು ಅದರೊಳಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಸಾಮಾನ್ಯವಾಗಿ ತಿಂಗಳಿಗೊಮ್ಮೆಯಂತೆ ಹಲವು ಸಲ. ಬರೀ ಕತ್ತರಿಸಿ ತೆಗೆಸಿದರೆ ಮತ್ತೆ ಬೆಳೆಯುವುದೇ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಕೀಲಾಯ್ಡ್ ಇದ್ದರೆ ಮಗುವಿನ ಕಿವಿ ಚುಚ್ಚಿಸುವ ಮೊದಲು, ಯಾವುದೇ ಆಪರೇಷನ್‌ಗೆ ಮೊದಲು ಡಾಕ್ಟರಿಗೆ ಅದನ್ನು ಹೇಳಿ.