ಐಕಾನ್ ಬೆಳ್ಳಗಾದರೆ ಪ್ರೋಗ್ರಾಂ ಹೋಯಿತು ಅಂತಲ್ಲ

ಫೋನ್ ಬಂದ ಕೂಡಲೇ ನಾನು ಕೇಳುವುದು ಇಷ್ಟೇ: "ಒಂದೇ ಐಕಾನ್ ಕೆಟ್ಟಿದ್ಯಾ, ಒಂದು ಜಾತಿ ಫೈಲಿನದ್ದೆಲ್ಲ ಕೆಟ್ಟಿದ್ಯಾ, ಇಲ್ಲ ಇಡೀ ಡೆಸ್ಕ್‌ಟಾಪೇ ಹಾಗಾಗಿದ್ಯಾ?" ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಶಿವಮೊಗ್ಗದಲ್ಲಿ ಕೂತು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಅಡಿಕೆ ಮಂಡಿ, ಸೊಸೈಟಿ, ಜೆರಾಕ್ಸ್ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮರುದಿನ ಬರುವ ಫೋನ್‌ಗಳಲ್ಲಿ ಐಕಾನಿನದ್ದೂ ಒಂದು ಇದ್ದೇ ಇರುತ್ತದೆ.

ಇದನ್ನು ಸಣ್ಣ ತೊಂದರೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಎಷ್ಟೋ ಜನ ಪ್ರೋಗ್ರಾಂನ ಇಂಗ್ಲಿಷ್ ಹೆಸರು ಓದಿ ಕೆಲಸ ಶುರು ಮಾಡುವುದಿಲ್ಲ, ಚಿತ್ರ ನೋಡಿ ಕ್ಲಿಕ್ ಮಾಡುತ್ತಾರೆ. ಆ ಚಿತ್ರ ಹೋದರೆ ಅವರ ಮಟ್ಟಿಗೆ ಪ್ರೋಗ್ರಾಮೇ ಹೋದ ಹಾಗೆ. ಆ ಗಾಬರಿಯಲ್ಲಿ ಯಾರೋ "ಫಾರ್ಮ್ಯಾಟ್ ಮಾಡ್ಬೇಕು" ಅಂದರೆ ಹೂಂ ಅಂದುಬಿಡುತ್ತಾರೆ. ಬೆಳ್ಳಗಾದ ನಾಲ್ಕು ಐಕಾನಿಗಾಗಿ ಒಂದು ವರ್ಷದ ಲೆಕ್ಕವನ್ನೇ ಅಳಿಸಿಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ ನಡೆಯುವುದು ಏನು? ಪ್ರೋಗ್ರಾಂ ಇರುವುದು ಸಿ ಡ್ರೈವಿನ ಒಂದು ಫೋಲ್ಡರಿನಲ್ಲಿ. ಡೆಸ್ಕ್‌ಟಾಪಿನಲ್ಲಿ ನಮಗೆ ಕಾಣುವುದು ಅದರ ಶಾರ್ಟ್‌ಕಟ್ ಮಾತ್ರ. ಆ ಶಾರ್ಟ್‌ಕಟ್ಟಿನಲ್ಲಿ ಪ್ರೋಗ್ರಾಂ ಎಲ್ಲಿದೆ, ಅದರ ಚಿತ್ರ ಎಲ್ಲಿದೆ ಎಂಬ ಎರಡು ವಿಳಾಸ ಇರುತ್ತವೆ. ಚಿತ್ರ ಸಾಮಾನ್ಯವಾಗಿ ಪ್ರೋಗ್ರಾಂ ಫೈಲಿನ ಒಳಗೇ ಅಡಗಿರುತ್ತದೆ. ಪ್ರತಿ ಸಲ ಅಷ್ಟು ಫೈಲುಗಳನ್ನು ಬಿಚ್ಚಿ ಚಿತ್ರ ತೆಗೆಯುತ್ತಾ ಕೂತರೆ ನಿಧಾನವಾಗುತ್ತದೆ ಎಂದು ವಿಂಡೋಸ್ ಎಲ್ಲ ಚಿತ್ರಗಳ ಒಂದೊಂದು ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳುತ್ತದೆ. ಅದೇ ಐಕಾನ್ ಕ್ಯಾಶ್. ಮಂಡಿಯಲ್ಲಿ ಸ್ಯಾಂಪಲ್ ಮೇಜಿನ ಮೇಲಿರುತ್ತದೆ, ಮೂಟೆ ಗೋಡೌನಿನಲ್ಲಿರುತ್ತದೆ. ಸ್ಯಾಂಪಲ್ ಚೆಲ್ಲಿದರೆ ಮೂಟೆಗೆ ಏನೂ ಆಗಿರುವುದಿಲ್ಲ.

ಇಡೀ ಡೆಸ್ಕ್‌ಟಾಪ್ ಕೆಟ್ಟಿದ್ದರೆ ಬಹುಮಟ್ಟಿಗೆ ಈ ಕ್ಯಾಶ್‌ನದ್ದೇ ದೋಷ. ಹೊಸನಗರ ಕಡೆಯ ಒಂದು ಸೊಸೈಟಿಯಿಂದ ಬಂದ ಫೋನ್ ಅಂಥದ್ದು. "ಅಣ್ಣಾ, ಎಲ್ಲ ಬಿಳಿ ಹಾಳೆ ಥರ ಆಗಿದೆ. ಟ್ಯಾಲಿ ಎಲ್ಲಿ, ನುಡಿ ಎಲ್ಲಿ ಒಂದೂ ಗೊತ್ತಾಗ್ತಿಲ್ಲ."

"ಹೆದರ್ಬೇಡಿ ಅಕ್ಕ. ಸ್ಟಾರ್ಟ್ ಒತ್ತಿ, ಟ್ಯಾಲಿ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ತೆರೀತಾ?"

"ತೆರೀತು."

ಪ್ರೋಗ್ರಾಂ ಕ್ಷೇಮವಾಗಿದೆ ಎಂದು ಅವರಿಗೂ ನನಗೂ ಖಾತ್ರಿಯಾಯಿತು. ಬೇರೆ ಏನು ಮಾಡುವುದಕ್ಕೂ ಮೊದಲು ಈ ಪರೀಕ್ಷೆ ಆಗಲೇಬೇಕು.

ಆಮೇಲೆ ನಡೆಯುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ (ಡೆಸ್ಕ್‌ಟಾಪ್, ಟಾಸ್ಕ್‌ಬಾರ್ ತೋರಿಸುವುದು ಇದೇ) ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿಸಿದೆ. ಟಾಸ್ಕ್‌ಬಾರ್ ಒಂದು ಕ್ಷಣ ಮಾಯವಾಗಿ ಮತ್ತೆ ಬರುತ್ತದೆ, ತೆರೆದಿಟ್ಟ ಪ್ರೋಗ್ರಾಂಗಳು ಹಾಗೇ ಇರುತ್ತವೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆ ಸೊಸೈಟಿಯಲ್ಲಿ ಸರಿಹೋಗಲಿಲ್ಲ. ಹಾಗಾದಾಗ ಕ್ಯಾಶ್ ಫೈಲುಗಳನ್ನೇ ಅಳಿಸಬೇಕು. ವಿಂಡೋಸ್ 7ರಲ್ಲಿ ಅದು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ಲೋಕಲ್ ಒಳಗೆ ಅಡಗಿರುವ ಒಂದೇ ಫೈಲ್. ವಿಂಡೋಸ್ 10, 11ರಲ್ಲಿ ಅದೇ ಲೋಕಲ್ ಒಳಗಿನ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಎಕ್ಸ್‌ಪ್ಲೋರರ್ ಫೋಲ್ಡರಿನಲ್ಲಿ 16, 32, 48, 256 ಹೀಗೆ ಚಿತ್ರದ ಅಳತೆಗೊಂದು ಫೈಲ್ ಇರುತ್ತದೆ. ಎಲ್ಲದರ ಹೆಸರೂ ಐಕಾನ್‌ಕ್ಯಾಶ್ ಎಂದೇ ಶುರು. ಎಕ್ಸ್‌ಪ್ಲೋರರ್ ನಡೆಯುತ್ತಿರುವಾಗ ಇವುಗಳನ್ನು ಅಳಿಸಲು ಬಿಡುವುದಿಲ್ಲ. ಆದ್ದರಿಂದ ಮೊದಲು ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ಆ ಫೋಲ್ಡರಿಗೆ ಹೋಗಿ ನಿಂತುಕೊಳ್ಳುತ್ತೇನೆ, ನಂತರ ಟಾಸ್ಕ್ ಮ್ಯಾನೇಜರಿನಿಂದ ಎಕ್ಸ್‌ಪ್ಲೋರರ್ ನಿಲ್ಲಿಸುತ್ತೇನೆ, ಐಕಾನ್‌ಕ್ಯಾಶ್ ಫೈಲುಗಳನ್ನಷ್ಟೇ ಅಳಿಸುತ್ತೇನೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತೇನೆ. ವಿಂಡೋಸ್ ಆ ಪ್ರತಿಗಳನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಇದರಲ್ಲಿ ನಿಮ್ಮ ಒಂದು ಕಾಗದವೂ ಹೋಗುವುದಿಲ್ಲ.

ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ ಐಕಾನ್ ಬಿಟ್ಟು ಯುಪಿಎಸ್ ನೋಡಿ. ಬ್ಯಾಟರಿ ಸತ್ತ ಯುಪಿಎಸ್ ಮಲೆನಾಡಿನ ಆಫೀಸುಗಳಲ್ಲಿ ಬೇಕಾದಷ್ಟಿವೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕೆಡುವುದು ಕ್ಯಾಶ್ ಒಂದೇ ಅಲ್ಲ, ಅದು ಕಣ್ಣಿಗೆ ಬೀಳುತ್ತದೆ ಅಷ್ಟೇ. ಅಂಥಲ್ಲಿ ಡಿಸ್ಕ್ ಚೆಕ್ ಮಾಡಿಸಿ, ಸಿ ಡ್ರೈವಿನಲ್ಲಿ ಜಾಗ ಉಳಿದಿದೆಯೇ ನೋಡಿ, ಲೆಕ್ಕದ ಬ್ಯಾಕಪ್ ತೆಗೆದೇ ನಾನು ಎದ್ದು ಬರುವುದು.

ಒಂದೇ ಐಕಾನ್ ಕೆಟ್ಟಿದ್ದರೆ ದಾರಿ ಬೇರೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಕೊಡಿ. ಫೋಲ್ಡರ್ ತೆರೆದು ಫೈಲ್ ಸಿಕ್ಕರೆ, ಪ್ರಾಪರ್ಟೀಸ್ ಒಳಗಿನ ಚೇಂಜ್ ಐಕಾನ್‌ಗೆ ಹೋಗಿ ಚಿತ್ರವನ್ನು ಮತ್ತೆ ಆರಿಸಿಕೊಟ್ಟರೆ ಮುಗಿಯಿತು. ಫೈಲೇ ಇಲ್ಲ ಎಂದರೆ ಆ್ಯಂಟಿವೈರಸ್ಸಿನ ಕ್ವಾರಂಟೈನ್ ಪಟ್ಟಿ, ಅಂದರೆ ಅದು ಅನುಮಾನಪಟ್ಟು ಬೇರೆ ಇಟ್ಟ ಫೈಲುಗಳ ಪಟ್ಟಿ ನೋಡಬೇಕು. ಅಲ್ಲಿದ್ದರೆ ಕಣ್ಣು ಮುಚ್ಚಿ ರಿಸ್ಟೋರ್ ಕೊಡಬೇಡಿ. ಆ ಪ್ರೋಗ್ರಾಂ ಎಲ್ಲಿಂದ ಬಂತು ಎಂದು ಮೊದಲು ವಿಚಾರಿಸಿ.

ಮಂಡಿಗಳಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಲೆಕ್ಕದ ಪ್ರೋಗ್ರಾಂ ಒಂದು ದೊಡ್ಡ ಕಂಪ್ಯೂಟರಿನಲ್ಲಿರುತ್ತದೆ, ಉಳಿದವು ನೆಟ್‌ವರ್ಕ್ ಡ್ರೈವ್ ಮೂಲಕ ಅದನ್ನೇ ತೆರೆಯುತ್ತವೆ. ಬೆಳಿಗ್ಗೆ ದೊಡ್ಡದು ಆನ್ ಆಗುವ ಮೊದಲೇ ಉಳಿದವನ್ನು ಆನ್ ಮಾಡಿದರೆ ಶಾರ್ಟ್‌ಕಟ್ಟಿಗೆ ಚಿತ್ರ ಸಿಗದೆ ಬೆಳ್ಳಗಾಗಿ ಕೂರುತ್ತದೆ. ಯಾವುದನ್ನು ಮೊದಲು ಆನ್ ಮಾಡಬೇಕು ಎಂದು ಹೇಳಿಕೊಟ್ಟರೆ ಸಾಕು. ನಾನು ಅದರ ಜೊತೆಗೆ ಐಕಾನ್ ಫೈಲನ್ನು ಪ್ರತಿ ಕಂಪ್ಯೂಟರಿನ ಸಿ ಡ್ರೈವಿಗೂ ಕಾಪಿ ಮಾಡಿ, ಶಾರ್ಟ್‌ಕಟ್ಟಿನ ಚಿತ್ರದ ವಿಳಾಸವನ್ನು ಅಲ್ಲಿಗೆ ತಿರುಗಿಸುತ್ತೇನೆ. ಆಮೇಲೆ ನೆಟ್‌ವರ್ಕ್ ಇಲ್ಲದಿದ್ದರೂ ಚಿತ್ರ ಅಲುಗುವುದಿಲ್ಲ.

ಇನ್ನು ಒಂದು ಜಾತಿಯದ್ದೆಲ್ಲ ಬದಲಾಗುವುದು. ಪಹಣಿ ಡೌನ್‌ಲೋಡ್ ಮಾಡಿಟ್ಟ ಪಿಡಿಎಫ್‌ಗಳೆಲ್ಲ ಬ್ರೌಸರಿನ ಚಿತ್ರ ಹೊತ್ತುಕೊಂಡಿದ್ದರೆ ಫೈಲ್ ಕೆಟ್ಟಿಲ್ಲ, ಅವನ್ನು ತೆರೆಯುವ ಪ್ರೋಗ್ರಾಂ ಬದಲಾಗಿದೆ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ ಹಳೆಯದನ್ನು ಆರಿಸಿಕೊಡಿ. ಆದರೆ ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳೆಲ್ಲ ಒಂದೇ ಚಿತ್ರವಾಗಿ, ಯಾವುದನ್ನು ಒತ್ತಿದರೂ ಒಂದೇ ಪ್ರೋಗ್ರಾಂ ತೆರೆಯುತ್ತಿದ್ದರೆ ಕ್ಯಾಶ್ ಅಳಿಸಿ ಪ್ರಯೋಜನವಿಲ್ಲ. ಓಪನ್ ವಿತ್ ಒತ್ತುವಾಗ ಯಾರೋ ಶಾರ್ಟ್‌ಕಟ್ ಎಂಬ ಜಾತಿಯನ್ನೇ ಒಂದು ಪ್ರೋಗ್ರಾಂಗೆ ಕಟ್ಟಿಹಾಕಿರುತ್ತಾರೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಆ ಬಳಕೆದಾರರ ಫೈಲ್‌ಎಕ್ಸ್‌ಟ್ಸ್ ಕೆಳಗೆ ಎಲ್‌ಎನ್‌ಕೆ (ಶಾರ್ಟ್‌ಕಟ್ ಫೈಲಿನ ಜಾತಿಯ ಗುರುತು) ಎಂಬಲ್ಲಿರುವ ಯೂಸರ್‌ಚಾಯ್ಸ್ ತೆಗೆದು, ಲಾಗ್ ಆಫ್ ಮಾಡಿ ಬಂದರೆ ಎಲ್ಲ ಮೊದಲಿನಂತಾಗುತ್ತದೆ. ರಿಜಿಸ್ಟ್ರಿಗೆ ಕೈ ಹಾಕುವ ಮೊದಲು ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಜೆರಾಕ್ಸ್ ಅಂಗಡಿಯವರಿಗೆ ನಾನು ಒತ್ತಿ ಹೇಳುವುದು ಪೆನ್ ಡ್ರೈವ್ ವಿಷಯ. ಅಲ್ಲಿ ಚಿತ್ರ ಕೆಟ್ಟಿರುವುದಿಲ್ಲ, ಸುಳ್ಳು ಹೇಳುತ್ತಿರುತ್ತದೆ. ವೈರಸ್ ನಿಜವಾದ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನಲ್ಲಿ ಫೋಲ್ಡರಿನ ಚಿತ್ರ ಅಂಟಿಸಿಕೊಂಡ ಶಾರ್ಟ್‌ಕಟ್ಟನ್ನೋ ಪ್ರೋಗ್ರಾಮನ್ನೋ ಇಟ್ಟಿರುತ್ತದೆ. ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಯಾವಾಗಲೂ ಆನ್ ಇರಲಿ, ಆಗ ಹೆಸರಿನ ಕೊನೆಯಲ್ಲಿ ಫೈಲಿನ ಜಾತಿ ಕಾಣುತ್ತದೆ. ಫೋಲ್ಡರಿನ ಹೆಸರಿನ ಕೊನೆಗೆ ಇಎಕ್ಸ್‌ಇ (ಪ್ರೋಗ್ರಾಂ ಎಂಬ ಗುರುತು) ಎಂದು ಕಂಡರೆ, ಅಥವಾ ಫೋಲ್ಡರಿನ ಮೂಲೆಯಲ್ಲಿ ಶಾರ್ಟ್‌ಕಟ್ಟಿನ ಸಣ್ಣ ಬಾಣ ಕಂಡರೆ ಒತ್ತಬೇಡಿ. ಗಿರಾಕಿ ಅವಸರ ಮಾಡಲಿ, ಮೊದಲು ಸ್ಕ್ಯಾನ್. ಆಮೇಲೆ ಹಿಡನ್ ಮತ್ತು ಸಿಸ್ಟಂ ಗುರುತು ತೆಗೆದರೆ ಅವರ ಅಸಲಿ ಫೋಲ್ಡರುಗಳು ಹಾಗೇ ಸಿಗುತ್ತವೆ.

ಐಕಾನ್ ಒಂದೂ ಕಾಣದೆ ಡೆಸ್ಕ್‌ಟಾಪ್ ಬರಿದಾಗಿದ್ದರೆ ರೈಟ್ ಕ್ಲಿಕ್, ವ್ಯೂ, ಶೋ ಡೆಸ್ಕ್‌ಟಾಪ್ ಐಕಾನ್ಸ್. ಹಳೆಯ ಪ್ರೋಗ್ರಾಂನ ಐಕಾನ್ ದೊಡ್ಡ ಚೌಕದ ನಡುವೆ ಪುಟ್ಟದಾಗಿ ಕಂಡರೆ ಅದು ದೋಷವೇ ಅಲ್ಲ, ಅದರಲ್ಲಿ ದೊಡ್ಡ ಅಳತೆಯ ಚಿತ್ರ ಇಲ್ಲ.

ಶಾರ್ಟ್‌ಕಟ್‌ಗಳು ಸಾರಾಸಗಟಾಗಿ ಮಾಯವಾದರೂ ಪ್ರೋಗ್ರಾಂ ಉಳಿದಿರಬಹುದು ಎಂಬುದಕ್ಕೆ 2023ರ ಜನವರಿ 13ರಂದು ನಡೆದದ್ದೇ ಸಾಕ್ಷಿ. ಮೈಕ್ರೋಸಾಫ್ಟಿನದ್ದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಒಂದು ಅಪ್‌ಡೇಟ್‌ನಿಂದಾಗಿ ಅನೇಕ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಸ್ಟಾರ್ಟ್ ಮೆನು ಮತ್ತು ಟಾಸ್ಕ್‌ಬಾರಿನ ಶಾರ್ಟ್‌ಕಟ್‌ಗಳು ಅಳಿಸಿಹೋದವು. ಪ್ರೋಗ್ರಾಂಗಳು ಇದ್ದಲ್ಲೇ ಇದ್ದವು. ಶಾರ್ಟ್‌ಕಟ್‌ಗಳನ್ನು ಮತ್ತೆ ಮಾಡಿಕೊಳ್ಳಲು ಕಂಪನಿಯೇ ಸ್ಕ್ರಿಪ್ಟ್ (ತಾನಾಗಿ ನಡೆಯುವ ಆಜ್ಞೆಗಳ ಪಟ್ಟಿ) ಕೊಟ್ಟಿತು.

ಈಗ ಹೋದಲ್ಲೆಲ್ಲ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಶಾರ್ಟ್‌ಕಟ್ ಮೇಲೆ ಎಫ್2 ಒತ್ತಿ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇನೆ: ಲೆಕ್ಕ, ಪತ್ರ, ಪಹಣಿ. ಹೆಸರು ಬದಲಿಸಿದರೆ ಒಳಗಿನ ವಿಳಾಸ ಬದಲಾಗುವುದಿಲ್ಲ, ಪ್ರೋಗ್ರಾಂ ಮೊದಲಿನಂತೆಯೇ ತೆರೆಯುತ್ತದೆ. ಟೈಪ್ ಮಾಡುವಾಗ ಕೀಬೋರ್ಡ್ ಯೂನಿಕೋಡ್‌ನಲ್ಲಿರಲಿ, ಅದರಲ್ಲಿ ಬರೆದ ಕನ್ನಡ ಎಲ್ಲ ಕಡೆ ಕನ್ನಡವಾಗಿಯೇ ಕಾಣುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಆಸ್ಕಿ ವಿಧಾನದಲ್ಲಿ ಹೊಡೆದರೆ ಡೆಸ್ಕ್‌ಟಾಪಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಎಲ್ಲ ಬಳಕೆದಾರರಿಗೂ ಸೇರಿದ ಶಾರ್ಟ್‌ಕಟ್ ಆದರೆ ಅಡ್ಮಿನ್ ಅನುಮತಿ ಕೇಳುತ್ತದೆ, ಕಂಟಿನ್ಯೂ ಕೊಡಿ.